ತತ್ತಿಯಾಕಾರದ ಕೋಣೆಗೆ ಕನಾತು

ಬೀದರ
12 ಜೂನ್ 2025

ಶರಫೋದ್ದೀನನಿಗೆ,

ಅಕ್ಟೋಬರ್ 5ರ ರವಿವಾರ ಬೆಳಿಗ್ಗೆ ನಾನು ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಂನಲ್ಲಿರುತ್ತೇನೆ. ನಿನ್ನೆ ಸಂಜೆ ಫೋನ್ ಮಾಡಿ ಈ ಸುದ್ದಿ ಹೇಳಿದವಳು ಗ್ಲೋರಿ. ನನ್ನ ತಂಗಿಯ ಮಗಳು, ಜರ್ಮನಿಯ ಕೊಲೋನ್‌ನಲ್ಲಿ ನರ್ಸ್ ಆಗಿದ್ದಾಳಲ್ಲ, ಅವಳೇ. ಅವಳ ಮದುವೆಗೆ ಶಾಮಿಯಾನಾ ಹಾಕಿದವನು ನೀನು. ಗಾಳಿಗೆ ಒಂದು ಬದಿ ಕುಸಿದು ಹಗ್ಗ ಸಾರಿನ ಪಾತ್ರೆಯೊಳಗೆ ಬಿದ್ದದ್ದು ನಿನಗೆ ನೆನಪಿರಬೇಕು.

ವಿಮಾನದ ಟಿಕೆಟ್ ಆಗಿದೆ. ಜುಲೈ 17ಕ್ಕೆ ವೀಸಾ ಕೆಲಸಕ್ಕೆ ಹೈದರಾಬಾದಿಗೆ ಹೋಗಬೇಕು. ಗ್ಲೋರಿಗೆ ರಜೆ ಸಿಗುವುದು ಆ ವಾರ ಮಾತ್ರ. ತಿಂಗಳ ಮೊದಲ ರವಿವಾರ ಅಲ್ಲಿ ಪ್ರವೇಶ ಉಚಿತವಂತೆ, ಆದರೆ ಹೊತ್ತನ್ನು ಮೊದಲೇ ಕಾಯ್ದಿರಿಸಬೇಕು.

ಅಲ್ಲಿ ಏನಿದೆ ಎಂದು ನಿನಗೆ ಸ್ವಲ್ಪ ಗೊತ್ತು. ಔರಾದಿನ ಶಾಲೆಯಲ್ಲಿ ನಿಮ್ಮ ತರಗತಿಗೆ ನಾನು ಒಂದು ಪುಸ್ತಕ ತಂದಿದ್ದೆ. ಕಮಠಾಣದ ನಮ್ಮ ಅಜ್ಜನ ಮನೆಯಲ್ಲಿ ಮಿಷನ್ನಿನ ದೊರೆಸಾನಿಯೊಬ್ಬರು ಬಿಟ್ಟುಹೋಗಿದ್ದ ಪುಸ್ತಕ. ಅದರಲ್ಲಿ ಬಣ್ಣದ ಹಾಳೆ ಒಂದೇ ಇತ್ತು. ಕೊಳದ ನೀರು, ನೀರಿನ ಮೇಲೆ ತಾವರೆಯಂಥ ಹೂವು, ನೀರೊಳಗೆ ಮೋಡ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ತೋರಿಸಿದೆ. ಎಲ್ಲರೂ ನೋಡಿ ಮುಂದೆ ಹೋದರು. ನೀನು ಹಾಳೆಯ ಹಿಂಬದಿ ತಿರುಗಿಸಿ ನೋಡಿ, ‘ಟೀಚರ್, ದಂಡಿ ಎಲ್ಲಿ ಅದ್ರಿ?’ ಎಂದೆ. ದಂಡೆಯನ್ನು ಆ ಚಿತ್ರಗಾರ ಬರೆದೇ ಇಲ್ಲ. ಹೊಲಕ್ಕೆ ಬದು ಇರುವಂತೆ ಚಿತ್ರಕ್ಕೊಂದು ಅಂಚು ಇರಬೇಕೆಂದು ನಾನೂ ಅಲ್ಲಿಯವರೆಗೆ ನಂಬಿದ್ದೆ.

ಆ ಹಾಳೆಯಲ್ಲಿದ್ದದ್ದು ಒಂದು ತುಂಡು. ಪೂರ್ತಿ ಇರುವುದು ಎಂಟು ಚಿತ್ರ. ಮೋನೆ ಎಂಬ ಚಿತ್ರಗಾರ ಮೊದಲ ಮಹಾಯುದ್ಧ ಮುಗಿದ ಮರುದಿನ, ಇವನ್ನು ನಮ್ಮ ದೇಶಕ್ಕೆ ಕೊಡುತ್ತೇನೆ ಎಂದು ಪತ್ರ ಬರೆದನಂತೆ. ಎರಡು ಕೋಣೆ, ಎರಡೂ ತತ್ತಿಯಾಕಾರ, ಚಿತ್ರಗಳು ಗೋಡೆಯ ಜೊತೆ ಬಾಗಿವೆ. ಎತ್ತರ ಎರಡು ಮೀಟರ್, ಎಲ್ಲ ಕೂಡಿ ಉದ್ದ ಸುಮಾರು ತೊಂಬತ್ತೊಂದು ಮೀಟರ್. ಅತಿ ಉದ್ದದ್ದು ಒಂದೇ ಹದಿನೇಳು. ಈ ಅಳತೆ ನನ್ನ ಕಣ್ಣ ಮುಂದೆ ಬರುತ್ತಿಲ್ಲ. ದಿನಾ ಬಟ್ಟೆ ಅಳೆಯುವವನು ನೀನು. ಎಷ್ಟಾಗುತ್ತದೆ ಎಂದು ಬರೆ.

ಫೋನ್ ಮಾಡಬಹುದಿತ್ತು. ಮೂವತ್ತು ವರ್ಷ ಮೈಕ್ ಸೆಟ್ಟು, ಜನರೇಟರುಗಳ ಪಕ್ಕ ನಿಂತ ನಿನ್ನ ಕಿವಿಗೆ ನಾನು ಏನು ಹೇಳಿದರೂ, ‘ಹಾಂ, ಎಷ್ಟು ಕುರ್ಚಿ ಬೇಕ್ರಿ?’ ಎನ್ನುತ್ತೀಯ. ಅದಕ್ಕೆ ಪತ್ರ. ಅಕ್ಷರ ದೊಡ್ಡವಾಗಿವೆ. ಪೆನ್ ಸಿಗಲಿಲ್ಲ, ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ.

ಎಸ್ತರ

ಔರಾದ
21 ಜೂನ್ 2025

ಎಸ್ತರ ಟೀಚರ್ ಅವರಿಗೆ ಶರಫೋದ್ದೀನನ ಸಲಾಂ.

ಹದಿನೇಳು ಮೀಟರ್ ಎಂದರೆ ಐವತ್ತಾರು ಅಡಿ. ಶಾಮಿಯಾನಾದ ಸುತ್ತ ಗೋಡೆಯಂತೆ ನಿಲ್ಲಿಸುವ ನಮ್ಮ ಕನಾತು ಒಂದೊಂದು ತುಂಡು ಹದಿನೈದು ಅಡಿ ಉದ್ದ, ಆರಡಿ ಎತ್ತರ. ಆ ಒಂದು ಚಿತ್ರಕ್ಕೇ ನಾಲ್ಕು ತುಂಡು ಬೇಕು. ಎಂಟಕ್ಕೂ ಕೂಡಿ ಇಪ್ಪತ್ತು. ಇದು ದೊಡ್ಡ ದಾವತ್ತಿನ ಅಳತೆ. ಎತ್ತರದಲ್ಲಿ ನಮ್ಮದು ಅರ್ಧ ಅಡಿ ಕಡಿಮೆ.

ಲೆಕ್ಕ ಹಾಕಿ ಮುಗಿಸಿ ಗೋದಾಮಿಗೆ ಹೋದೆ. ಇಪ್ಪತ್ತು ಕನಾತು ಮಡಚಿಟ್ಟರೆ ನನ್ನ ಎದೆಯ ಎತ್ತರ ಬರುತ್ತದೆ. ಅಷ್ಟು ಬಟ್ಟೆಯ ತುಂಬ ಒಬ್ಬ ಮುದುಕ ಕುಂಚ ಹಿಡಿದು ಬರೀ ನೀರು ಬರೆದಿದ್ದಾನೆ. ಆ ರಾಶಿಯ ಮುಂದೆ ಸುಮ್ಮನೆ ನಿಂತೆ. ನರಸಿಂಗ ಬಂದು, ‘ಇಲಿ ಹೊಕ್ಕದೇನ್ರಿ?’ ಎಂದು ಕೇಳಿದ. ನರಸಿಂಗ ನನ್ನ ಜೊತೆ ಬಿದಿರಿನ ಬಾಂಬು ನಿಲ್ಲಿಸುವವನು, ಎಕಂಬಾದವನು.

ಎರಡು ಸಂಶಯ ಇವೆ. ಕೋಣೆ ಎರಡು ಎಂದಿದ್ದೀರಿ. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ ಇರಬೇಕು. ಹೆಂಗಸರ ಕಡೆ ಯಾವ ಚಿತ್ರ ಬರುತ್ತವೆ ಎಂದು ಗ್ಲೋರಿಬಾಯಿಗೆ ಈಗಲೇ ಕೇಳಿ. ಆ ಐವತ್ತಾರು ಅಡಿಯದು ಗಂಡಸರ ಕಡೆ ಹೋಗಿದ್ದರೆ ನೀವು ಅಷ್ಟು ದೂರ ಹೋಗಿ ಅರ್ಧ ನೋಡಿ ಬಂದಂತಾಗುತ್ತದೆ. ಈ ಚಿಂತೆಯನ್ನು ಮನೆಯವಳಿಗೆ ಹೇಳಿದೆ. ವಜೀರಬೀ ರೊಟ್ಟಿ ತಟ್ಟುತ್ತ, ‘ದೊಡ್ಡದು ಗಂಡಸರ ಕಡಿಗೇ ಇರ್ತದ. ಊಟಾನೂ ಮೊದಲ ಅವರಿಗೇ ಅಲ್ಲೇನು’ ಎಂದಳು.

ಎರಡನೆಯದು, ಮೇಲೆ ಏನಿದೆ? ಸುತ್ತಲಿನ ಬಟ್ಟೆಯ ಬಣ್ಣ ಹೇಗೆ ಕಾಣುತ್ತದೆ ಎಂಬುದು ಮೇಲಿನ ಬಟ್ಟೆಯ ಮೇಲೆ ನಿಂತಿದೆ. ಮೇಲೆ ಕೆಂಪು ಕಟ್ಟಿದರೆ ಕೆಳಗೆ ಮದುಮಗನ ಮುಖವೂ ಕೆಂಪು.

ಇದು ಮದುವೆ ಇಲ್ಲದ ಕಾಲ, ನನಗೆ ಪುರಸೊತ್ತು ಇದೆ. ನಿಮ್ಮ ಸಾಲುಗಳು ಬಲಕ್ಕೆ ಹೋಗುತ್ತ ಮೇಲಕ್ಕೆ ಏರಿವೆ. ಕೈ ನೋವು ಇದ್ದರೆ ತೋರಿಸಿಕೊಳ್ಳಿ.

ಶರಫೋದ್ದೀನ

ಬೀದರ
3 ಜುಲೈ 2025

ಶರಫೋದ್ದೀನನಿಗೆ,

ಜನಾನಾ ಇಲ್ಲ. ಎರಡೂ ಕೋಣೆ ಎಲ್ಲರಿಗೂ. ಜೆನಿಫರ ನಿನ್ನ ಪತ್ರ ಓದುತ್ತ ಅಲ್ಲಿಗೆ ಬಂದು ನಿಂತುಬಿಟ್ಟಳು, ನಗು ತಡೆಯಲಿಲ್ಲ. ತಮ್ಮನ ಮೊಮ್ಮಗಳು, ಇಲ್ಲೇ ನರ್ಸಿಂಗ್ ಓದುತ್ತ ನನ್ನ ಜೊತೆ ಇದ್ದಾಳೆ. ಗ್ಲೋರಿಗೆ ಹೇಳಿದೆವು. ಅವಳು ಜರ್ಮನಿಯಲ್ಲಿ ನಕ್ಕದ್ದು ನಿನಗೇ ಕೇಳಿಸಬೇಕಿತ್ತು.

ಛಾವಣಿಯ ಬಗ್ಗೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಗ್ಲೋರಿ ಹೋದ ವರ್ಷ ಒಬ್ಬಳೇ ಹೋಗಿ ನೋಡಿದ್ದಾಳೆ. ಮೇಲೆ ಗಾಜು, ಗಾಜಿನ ಕೆಳಗೆ ಬಿಳಿ ಬಟ್ಟೆ ಎಳೆದಿದ್ದಾರೆ. ಬೆಳಕು ಆ ಬಟ್ಟೆಯಿಂದ ಇಳಿದು ಬರುತ್ತದೆ. ಹೊರಗೆ ಮೋಡ ಬಂದರೆ ಒಳಗೆ ನೀರಿನ ಬಣ್ಣ ಕಂದುತ್ತದೆ, ಬಿಸಿಲಾದರೆ ತಿಳಿಯಾಗುತ್ತದೆ. ನಡುವೆ ಬೆಂಚು ಇದೆ. ಚಿತ್ರ ಮತ್ತು ಚಿತ್ರದ ನಡುವೆ ಬಾಗಿಲಿನ ಜಾಗ. ಜೋರಾಗಿ ಮಾತನಾಡಬಾರದು.

‘ದೊಡ್ಡಮ್ಮ, ಒಳಗ ಹೋದ ಕೂಡಲೇ ಎಲ್ಲಿಂದ ನೋಡಬೇಕು ತಿಳಿಯಂಗಿಲ್ಲ. ಸುರು ಇಲ್ಲ, ಮುಗಿಯೋದಿಲ್ಲ. ನಾ ಕೂತೆ. ಎದ್ದಾಗ ಎರಡು ತಾಸಾಗಿತ್ತು’ ಎಂದಳು ಗ್ಲೋರಿ. ಐಸಿಯುದಲ್ಲಿ ಕೆಲಸ ಮಾಡುವ ಹುಡುಗಿ ಅವಳು. ಗಡಿಯಾರ ನೋಡದೆ ಕೂಡುವವಳಲ್ಲ.

ನನಗೆ ಒಮ್ಮೆ ಹಾಗೆ ಕೂಡಬೇಕು. ಈ ವಯಸ್ಸಿನಲ್ಲಿ ಬೇರೆ ಏನನ್ನೂ ಕೇಳಿಕೊಂಡಿಲ್ಲ. ಕೈ ನೋವು ಇಲ್ಲ.

ಎಸ್ತರ

ಔರಾದ
12 ಜುಲೈ 2025

ಟೀಚರ್ ಅವರಿಗೆ ಸಲಾಂ.

ಬಿಳಿ ಬಟ್ಟೆಯ ಸುದ್ದಿ ಓದಿದ ಮೇಲೆ ನನಗೆ ಬೇರೆ ಕೆಲಸ ತೋಚಲಿಲ್ಲ. ಬಿಸಿಲನ್ನು ಬಟ್ಟೆಯಲ್ಲಿ ಸೋಸಿ ಕೆಳಗೆ ಬಿಡುವುದು ನಮ್ಮ ಧಂದೆ. ಅಷ್ಟು ದೊಡ್ಡ ಊರಿನವರು, ಅಷ್ಟು ದೊಡ್ಡ ಚಿತ್ರಕ್ಕೆ, ಕೊನೆಗೆ ಅದನ್ನೇ ಮಾಡಿದ್ದಾರೆ. ಬಾಂಬು ನೋಡಲು ಭಾಲ್ಕಿಗೆ ಹೋಗಿದ್ದೆ. ಅಲ್ಲಿಯ ಬದ್ರೋದ್ದೀನ ಶಾಮಿಯಾನಾದವನೇ, ನನ್ನ ಸ್ನೇಹಿತ. ಅವನಿಗೆ ಹೇಳದೆ ಇರಲು ಆಗಲಿಲ್ಲ.

‘ಪ್ಯಾರಿಸ್ಸಿನಾಗ ಶಾಮಿಯಾನಾ ಹಾಕ್ಯಾರಂತ’ ಎಂದೆ.

‘ಯಾರ ಮದಿವಿ?’

‘ಮದಿವಿ ಅಲ್ಲೋ, ಚಿತ್ರಕ್ಕ. ಆ ಕೋಣಿ ಸುರುವಾಗಿ ನೂರು ವರ್ಷ ಆಗಲಿಕ್ಕ ಬಂತು.’

‘ನೂರು ವರ್ಷದಿಂದ ಬಿಚ್ಚಿಲ್ಲ?’ ಎಂದು ಅವನು ಬೆರಳು ಮಡಚಿ ಬಾಡಿಗೆ ಎಣಿಸಿದ. ‘ಅಂಥಾ ಗಿರಾಕಿ ನಮಗ ಯಾಕ ಸಿಗವಲ್ಲರು?’

ಬದ್ರೋದ್ದೀನನಿಗೆ ನಗೆ. ನನಗೆ ಹಾಗಾಗಲಿಲ್ಲ. ಬರುವಾಗ ಬಸ್ಸಿನಲ್ಲಿ ಎರಡೂ ಬದಿಯ ಹೊಲಗಳನ್ನು ನೋಡುತ್ತ ಬಂದೆ. ಹೆಸರು, ಉದ್ದು, ತೊಗರಿ ಈಗ ಎದ್ದಿವೆ. ಇವನ್ನು ಬಾಗಿಸಿ ಸುತ್ತ ನಿಲ್ಲಿಸಿದರೆ ಹೇಗಿರುತ್ತದೆ ಎಂದು ಅಂದಾಜು ಮಾಡಿದೆ.

ನನ್ನ ಪತ್ರವನ್ನು ನೀವು ಮನೆಯಲ್ಲಿ ಎಲ್ಲರೆದುರು ಓದಿಸುತ್ತೀರಿ ಎಂದು ತಿಳಿಯಿತು. ಇದು ನನಗೆ ದೊಡ್ಡ ಮರ್ಯಾದೆ. ಇನ್ನು ಮೇಲೆ ಅಕ್ಷರ ದುಂಡಗೆ ಬರೆಯುತ್ತೇನೆ.

17ರ ವೀಸಾ ಕೆಲಸ ಸುಸೂತ್ರ ಆಗಲೆಂದು ವಜೀರಬೀ ದುವಾ ಮಾಡಿದ್ದಾಳೆ.

ಶರಫೋದ್ದೀನ

ಬೀದರ
5 ಆಗಸ್ಟ್ 2025

ಶರಫೋದ್ದೀನನಿಗೆ,

ನಾನು ಹೋಗುವುದಿಲ್ಲ. ವೀಸಾ ಬಂದಿದೆ, ಅದರ ತೊಂದರೆ ಏನಿಲ್ಲ.

ಅಕ್ಟೋಬರ್ 5 ಮೊದಲ ರವಿವಾರ. ನಮ್ಮ ಚರ್ಚಿನಲ್ಲಿ ಅಂದು ಪ್ರಭು ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ದಿನ. ಊರಲ್ಲಿದ್ದಾಗ, ಇಲ್ಲದಾಗ, ಕಾಯಿಲೆಯಲ್ಲೂ ನಾನು ಅದನ್ನು ತಪ್ಪಿಸಿದವಳಲ್ಲ. ಚಿತ್ರ ನೋಡುವುದಕ್ಕಾಗಿ ತಪ್ಪಿಸುವುದು ಸರಿ ಕಾಣಲಿಲ್ಲ. ಟಿಕೆಟ್ಟನ್ನು ಸೆಪ್ಟೆಂಬರ್ 10ರವರೆಗೆ ರದ್ದು ಮಾಡಬಹುದು. ಗ್ಲೋರಿಗೆ ಇನ್ನೂ ಹೇಳಿಲ್ಲ. ನೀನೂ ಯಾರ ಮುಂದೆಯೂ ಹೇಳಬೇಡ.

ಮಳೆ ಚೆನ್ನಾಗಿದೆ.

ಎಸ್ತರ

ಔರಾದ
14 ಆಗಸ್ಟ್ 2025

ಟೀಚರ್ ಅವರಿಗೆ ಸಲಾಂ.

ಯಾರ ಮುಂದೆಯೂ ಹೇಳಬೇಡ ಎಂದಿದ್ದಿರಿ. ನಾನು ಒಬ್ಬರ ಮುಂದೆ ಹೇಳಿದೆ. ಮೊನ್ನೆ ಹಗ್ಗ ಕೊಳ್ಳಲು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಬಂದಿದ್ದೆ. ಅಲ್ಲಿಂದ ನೇರ ನಿಮ್ಮ ಪಾದ್ರಿ ಸುಶೀಲಕುಮಾರ ಅವರ ಮನೆಗೆ ಹೋದೆ. ಕ್ರಿಸ್ಮಸ್ಸಿಗೆ ಕುರ್ಚಿ ಕಳಿಸುವವನು ಎಂದು ನನ್ನನ್ನು ಗುರುತು ಹಿಡಿದರು. ನನಗಾಗಿ ಜೋರಾಗಿ ಮಾತನಾಡಿದರು. ಅಂಗಳದಲ್ಲಿದ್ದವರಿಗೆಲ್ಲ ಕೇಳಿರಬೇಕು, ಅದಕ್ಕೆ ಮಾಫಿ ಇರಲಿ.

‘ಪಾದ್ರಿ ಸಾಹೇಬ್ರ, ನಿಮ್ಮಲ್ಲಿ ಆ ಭೋಜನ ಒಮ್ಮಿ ತಪ್ಪಿದ್ರ ದೊಡ್ಡ ಗುನ್ಹೆ ಏನ್ರಿ?’ ಎಂದೆ.

‘ಯಾರದು ತಪ್ಪಲತ್ತದ?’

‘ಎಸ್ತರ ಟೀಚರದು. ಪ್ಯಾರಿಸ್ಸಿಗಿ ಹೋಗೋದದ, ಅದಕ್ಕ ಹೋಗಂಗಿಲ್ಲ ಅಂತಾರ.’

‘ಅಲ್ಲೂ ಚರ್ಚ್ ಅವಲ್ಲ. ಇಲ್ಲಂದ್ರ ತಿರುಗಿ ಬಂದ ಮ್ಯಾಲ ನಾನೇ ಮನಿಗಿ ಹೋಗಿ ಕೊಡ್ತೇನಿ. ಟೀಚರಿಗಿ ಇದು ಗೊತ್ತಿಲ್ಲ ಅಂತೀಯೇನು? ಸಂಡೇ ಸ್ಕೂಲಿನಾಗ ನನಗ ಕಲಿಸಿದವರೇ ಅವರು.’

ಚಹಾ ಬಂತು. ಕುಡಿದು ಎದ್ದೆ. ಅವರು ಬಾಗಿಲವರೆಗೆ ಬಂದು ನನ್ನ ಕಿವಿಯ ಹತ್ತಿರ ಹೇಳಿದರು:

‘ಕಾರಣ ಅದಲ್ಲ ಕಾಣ್ತದ ಶರಫೋದ್ದೀನ. ಈ ತಿಂಗಳ ಭೋಜನದಾಗ ಅವರು ಮೊಣಕಾಲೂರಿ ಕೈ ಚಾಚಿದ್ರು. ನಾ ಎದುರಿಗೇ ನಿಂತಿದ್ದೆ. ಕೈ ಗ್ಲಾಸಿನ ಬಾಜೂಕ ಹೋಯ್ತು. ಮತ್ತ ಚಾಚಿದ್ರು, ಮತ್ತ ಹೋಯ್ತು. ಅವರ ಜೋಡಿ ಇರೋ ಹುಡುಗಿ ಕೈ ಹಿಡಿದು ಮುಟ್ಟಿಸಿದಳು.’

ಬಸ್ಸಿನಲ್ಲಿ ಕುಳಿತು ನಿಮ್ಮ ಮೂರೂ ಪತ್ರ ಮತ್ತೆ ತೆಗೆದೆ. ದೊಡ್ಡ ಅಕ್ಷರ, ಮೇಲಕ್ಕೆ ಏರುವ ಸಾಲು, ಜೆನಿಫರ ಓದುವುದು. ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ತಿಂಗಳ ಮೊದಲ ರವಿವಾರ ಎಂದು ಜೂನ್ ತಿಂಗಳಲ್ಲೇ ನೀವು ಬರೆದಿದ್ದೀರಿ. ಆಗ ಅದು ಅಡ್ಡಿ ಇರಲಿಲ್ಲ.

ನೀವು ಬೈದರೂ ಸರಿ. ಏನಾಗಿದೆ ಎಂದು ಬರೆಯಿರಿ. ಜೆನಿಫರ, ಇದನ್ನು ಓದುವಾಗ ನಿಧಾನ ಓದವ್ವ.

ಶರಫೋದ್ದೀನ

ಬೀದರ
20 ಆಗಸ್ಟ್ 2025

ಶರಫೋದ್ದೀನನಿಗೆ,

ನೀನು ಪಾದ್ರಿಯವರ ಮನೆಗೆ ಹೋದದ್ದಕ್ಕೆ ಎರಡು ದಿನ ಸಿಟ್ಟು ಇತ್ತು. ಈಗ ಇಲ್ಲ.

ನನ್ನ ಬಲಗಣ್ಣಿನ ನಡುಭಾಗದ ದೃಷ್ಟಿ ಹೋಗಿ ಮೂರು ವರ್ಷವಾಯಿತು. ಜುಲೈ 17ರಂದು ವೀಸಾ ಕೆಲಸ ಮುಗಿಸಿ ಹೈದರಾಬಾದಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ಎಡಗಣ್ಣೂ ಅದೇ ದಾರಿ ಹಿಡಿದಿದೆ ಎಂದರು ಡಾಕ್ಟರು. ಕಣ್ಣಿನ ಹಿಂದಿನ ಪರದೆ ಸವೆಯುವ ರೋಗ ಇದು. ಆ ಚಿತ್ರಗಾರನಿಗೂ ಮುದಿತನದಲ್ಲಿ ಕಣ್ಣು ಕೆಟ್ಟಿತ್ತು, ಆದರೆ ಅವನದು ಪೊರೆ, ತೆಗೆಯಲು ಬಂತು. ನನ್ನದು ಬರುವುದಿಲ್ಲ. ಪೂರ್ತಿ ಕತ್ತಲೆ ಆಗುವುದಿಲ್ಲವಂತೆ, ಅಂಚು ಉಳಿಯುತ್ತದೆ. ಗ್ಲೋರಿಗೆ ಬಲಗಣ್ಣಿನ ವಿಷಯ ಗೊತ್ತು, ಅದಕ್ಕೇ ಈ ವರ್ಷವೇ ಬಾ ಎಂದು ಅವಸರ ಮಾಡಿದ್ದು. ಎಡಗಣ್ಣಿನದು ಗೊತ್ತಿಲ್ಲ.

ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ನಾನು ಯಾವುದನ್ನು ನೋಡುತ್ತೇನೋ ಅದು ಇರುವುದಿಲ್ಲ. ನಿನ್ನ ಮುಖ ನೋಡಿದರೆ ಟೊಪ್ಪಿಗೆ ಇರುತ್ತದೆ, ಭುಜ ಇರುತ್ತವೆ, ಮುಖ ಇರುವುದಿಲ್ಲ. ಅಲ್ಲಿ ಒಂದು ಕರಿ ಮಚ್ಚೆ. ಕಣ್ಣು ಎತ್ತ ತಿರುಗಿದರೆ ಅದೂ ಅತ್ತ ಬರುತ್ತದೆ. ‘ಬಾಜೂಕ ನೋಡೋದು ರೂಢಿ ಮಾಡ್ಕೋರಿ ಅಮ್ಮ’ ಎಂದರು ಡಾಕ್ಟರು. ವಸ್ತುವನ್ನು ನೇರ ನೋಡಿ, ನೇರ ನೋಡಿ ಎಂದು ಕೆಲಸದಲ್ಲಿ ಇರುವವರೆಗೂ ಮಕ್ಕಳಿಗೆ ಹೇಳಿದವಳು ನಾನು. ಈ ಬಾಜೂಕ ನೋಡುವುದು ನನ್ನ ಕಣ್ಣಿಗೆ ಬರುತ್ತಿಲ್ಲ.

ಈಗ ಆ ಎಂಟು ಚಿತ್ರ ನನ್ನ ತಲೆಯಲ್ಲಿ ಪೂರ್ತಿ ಇವೆ. ಒಂದು ಹಾಳೆಯಿಂದ ಸುರುಮಾಡಿ ಇಷ್ಟು ವರ್ಷ ಕಟ್ಟಿಕೊಂಡದ್ದು. ಅಷ್ಟು ದೂರ ಹೋಗಿ ಅದರ ಮುಂದೆ ನಿಂತು, ನೀರಿನ ನಡುವೆ ಈ ಮಚ್ಚೆಯನ್ನು ನೋಡಿ ಬಂದರೆ, ಆಮೇಲೆ ತಲೆಯಲ್ಲಿರುವುದೂ ಹೋಗುತ್ತದೆ. ಮಚ್ಚೆ ಮಾತ್ರ ಉಳಿಯುತ್ತದೆ. ನನಗೆ ಇದರ ಭಯ.

ಪ್ರಭು ಭೋಜನದ ಹೆಸರಲ್ಲಿ ಸುಳ್ಳು ಬರೆಯಬಾರದಿತ್ತು. ಅದನ್ನು ದೇವರ ಮುಂದೆ ಒಪ್ಪಿಕೊಂಡಿದ್ದೇನೆ.

ಎಸ್ತರ

ಔರಾದ
31 ಆಗಸ್ಟ್ 2025

ಟೀಚರ್ ಅವರಿಗೆ ಸಲಾಂ.

ಮಳೆಯಿಂದ ಪತ್ರ ತಡವಾಯಿತು. ಇಲ್ಲಿ ಸೇತುವೆಗಳ ಮೇಲೆ ನೀರು ಬಂದು ಬಸ್ಸು ನಿಂತಿದ್ದವು. ಹೊಲಗಳಲ್ಲಿ ಹೆಸರು, ಉದ್ದು ಕೊಳೆತಿವೆ ಎಂದು ಪತ್ರಿಕೆಗಳಲ್ಲಿ ಬಂದಿದೆ.

ಹೋಗಿ ಎಂದು ನಾನು ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ನಮ್ಮ ಧಂದೆಯಲ್ಲಿ ದೊಡ್ಡ ಮದುವೆ ಇದ್ದರೆ ಮೊದಲು ಸ್ವಲ್ಪ ಕಟ್ಟಿ ತೋರಿಸುವ ರೂಢಿ ಇದೆ. ಮನೆಯ ಹಿರಿಯರು ಬಂದು ಒಳಗೆ ನಿಂತು ನೋಡುತ್ತಾರೆ. ಒಪ್ಪಿದರೆ ಮುಂದಿನ ಕೆಲಸ, ಒಪ್ಪದಿದ್ದರೆ ಬಿಚ್ಚುತ್ತೇವೆ, ಯಾರಿಗೂ ಬೇಸರ ಇಲ್ಲ.

ಇಲ್ಲಿಯ ಬಯಲಲ್ಲಿ ಒಂದು ಕೋಣೆಯಷ್ಟು ಕಟ್ಟುತ್ತೇನೆ. ಅಳತೆ ನೀವು ಕೊಟ್ಟದ್ದೇ. ತತ್ತಿಯಾಕಾರಕ್ಕೆ ಎರಡು ಗೂಟ, ಒಂದು ಹಗ್ಗ. ಅದೂ ನೀವು ಕಲಿಸಿದ್ದೇ, ಆಗ ಮೊಳೆ ಮತ್ತು ದಾರ ಇತ್ತು. ನೀಲಿ ನನ್ನ ಹತ್ತಿರ ಇದೆ. ಹಸಿರು ಕಡಿಮೆ. ಬದ್ರೋದ್ದೀನನ ಹಸಿರು ಈದ್ ಮಿಲಾದ್ ಮುಗಿಯುವವರೆಗೆ ಸಿಗುವುದಿಲ್ಲ. ಆದ್ದರಿಂದ ಸೆಪ್ಟೆಂಬರ್ 9, ಮಂಗಳವಾರ. ಮರುದಿನವೇ ನಿಮ್ಮ ಟಿಕೆಟ್ಟಿನ ಕೊನೆಯ ದಿನ ಎಂದು ಗೊತ್ತಿದೆ. ಮಳೆ ಬಿಟ್ಟಿರಬೇಕು, ಅಷ್ಟೇ.

ಜೆನಿಫರಳ ಜೊತೆ ಬನ್ನಿ. ಊಟ ನಮ್ಮ ಮನೆಯಲ್ಲಿ. ವಜೀರಬೀ ಖಾರ ಕಡಿಮೆ ಹಾಕುತ್ತಾಳೆ.

ಶರಫೋದ್ದೀನ

ಔರಾದ
10 ಸೆಪ್ಟೆಂಬರ್ 2025

ಟೀಚರ್ ಅವರಿಗೆ ಸಲಾಂ.

ನಿನ್ನೆ ಬಸ್ ಹತ್ತುವಾಗ ನೀವು ಏನೂ ಹೇಳಲಿಲ್ಲ. ಜೆನಿಫರಳನ್ನು ಕೇಳಿದೆ, ಅವಳೂ ತಲೆ ಅಲ್ಲಾಡಿಸಿದಳು. ತಪ್ಪು ನನ್ನದಿರಬೇಕು. ಒಂದು ತುಂಡು ಕಡಿಮೆ ಬಿದ್ದು, ಒಂದು ಕಡೆ ಕೆಂಪು ಕನಾತು ಕಟ್ಟಿದ್ದೆ. ನೀರಲ್ಲಿ ಕೆಂಪು ಬರಬಾರದಿತ್ತು.

ನೀವು ಬರುವ ಮೊದಲು ಆದದ್ದನ್ನೂ ಹೇಳುತ್ತೇನೆ. ಬೆಳಿಗ್ಗೆಯಿಂದ ಬಯಲಿಗೆ ಜನ ಬಂದು ಕೇಳುತ್ತಿದ್ದರು. ‘ದಾವತ್ ಯಾರದೋ ನರಸಿಂಗ?’ ಎಂದರೆ ಅವನು ‘ನೀರಿಂದು’ ಎನ್ನುತ್ತಿದ್ದ. ಒಬ್ಬರು ಒಗೆದ ಅಂಗಿ ಹಾಕಿಕೊಂಡೇ ಬಂದಿದ್ದರು. ವಜೀರಬೀ ಬುತ್ತಿ ತಂದವಳು ಒಳಗೆ ಹಣಿಕಿ ನೋಡಿ, ‘ಮದಿವಿ ಇಲ್ಲ, ಮಣ್ಣು-ಮಯ್ಯತ್ ಇಲ್ಲ. ನಿಮಗ ಬುದ್ಧಿ ಸುದ್ದ ಅದ ಏನ್ರಿ?’ ಎಂದಳು. ಆದರೆ ಹೋಗಲಿಲ್ಲ, ಬಾಂಬು ಹಿಡಿದು ನಿಂತಳು.

ನಿಮ್ಮನ್ನು ನಡುವೆ ಕುರ್ಚಿಯಲ್ಲಿ ಕೂಡಿಸಿದೆ. ನೀವು ಎದುರಿನ ಹಸಿರನ್ನು ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನ ಕೈ ಹಿಡಿದು, ನನ್ನ ಕಿವಿಗೆ ಕೇಳುವಂತೆ, ‘ಇಲ್ಲೋ ಶರಫೋದ್ದೀನ. ಅಲ್ಲಿ ಏನೂ ಇಲ್ಲ. ನಡಿ, ಹೋಗೋಣ’ ಎಂದಿರಿ. ಆ ಮಾತು ಕೇಳಿಸದಿದ್ದರೂ ಆಗುತ್ತಿತ್ತು.

ಎದ್ದು ಹೊರಡುವಾಗ ಬಾಗಿಲಿಗೆಂದು ಬಿಟ್ಟ ಜಾಗದ ಮುಂದೆ ಬಂದು ನಿಂತುಬಿಟ್ಟಿರಿ. ಆ ಕಡೆ ನರಸಿಂಗನ ಟೆಂಪೊ ಬಿಟ್ಟರೆ ಏನೂ ಇರಲಿಲ್ಲ. ನೀವು ಅದನ್ನೇ ನೋಡುತ್ತ ನಿಂತಿರಿ. ತಲೆ ಸುತ್ತಿತೇನೋ ಎಂದು ಅವನು ಕುರ್ಚಿ ತಂದ, ನೀವು ಕೂಡಲಿಲ್ಲ. ಟೆಂಪೊ ಅಡ್ಡ ಆಗಿದೆಯೇನೋ ಎಂದು ತೆಗೆದ, ಆಗಲೂ ನೀವು ಹಾಗೇ ನಿಂತಿದ್ದಿರಿ. ಕಣ್ಣಲ್ಲಿ ನೀರು ಕಂಡು ನಾನು ಹಿಂದೆ ಸರಿದೆ. ಇಷ್ಟು ನೋವು ಕೊಡಲು ನಾನು ನಿಮ್ಮನ್ನು ಅಷ್ಟು ದೂರ ಕರೆಸಬಾರದಿತ್ತು.

ನಿಮ್ಮ ಬಸ್ಸು ಹೋದ ಮೇಲೆ ಬಿಚ್ಚಲು ಬಂದೆವು. ಬಿಚ್ಚುವ ಮೊದಲು ನಾನು ಆ ಕುರ್ಚಿಯಲ್ಲಿ ಕುಳಿತೆ. ಇಷ್ಟು ವರ್ಷ ಕನಾತು ಕಟ್ಟಿದ್ದೇನೆ, ಖಾಲಿ ಕನಾತಿನೊಳಗೆ ಕುಳಿತದ್ದು ಅದೇ ಮೊದಲು. ಯಾವತ್ತೂ ಒಳಗೆ ಜನ ಇರುತ್ತಾರೆ, ನಾನು ಹೊರಗೆ ಹಗ್ಗದ ಹತ್ತಿರ ಇರುತ್ತೇನೆ. ಮೇಲಿನ ಬಿಳಿ ಬಟ್ಟೆಯಿಂದ ಬೆಳಕು ಇಳಿದಿತ್ತು. ಗಾಳಿಯ ಸದ್ದು ನನಗೆ ಕೇಳಿಸದೆ ಬಹಳ ವರ್ಷವಾಗಿದೆ. ನಿನ್ನೆ ಗಾಳಿ ಕಣ್ಣಿಗೆ ಕಂಡಿತು. ಹಸಿರಿನ ಒಂದು ತುದಿಯಲ್ಲಿ ಸುರುವಾಗಿ, ನನ್ನ ಸುತ್ತ ನಡೆದು, ನೀಲಿಗೆ ಹೋಗಿ, ಬೆನ್ನ ಹಿಂದೆ ಹಾದು ಮತ್ತೆ ಹಸಿರಿಗೆ ಬಂತು. ನರಸಿಂಗನನ್ನೂ ಕೂಡಿಸಿದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಇಂದು ಹತ್ತನೆಯ ತಾರೀಖು. ಟಿಕೆಟ್ ರದ್ದು ಮಾಡಿರಬಹುದು. ಏನಾಯಿತು ಎಂದು ತಿಳಿಸಿ.

ಶರಫೋದ್ದೀನ

ಬೀದರ
15 ಸೆಪ್ಟೆಂಬರ್ 2025

ಶರಫೋದ್ದೀನನಿಗೆ,

ಟಿಕೆಟ್ ರದ್ದು ಮಾಡಿಲ್ಲ.

ಟೆಂಪೊ ನನಗೆ ಕಾಣಲೇ ಇಲ್ಲ. ಬಾಗಿಲಿನ ಖಾಲಿ ಜಾಗದ ಮೇಲೆ ಕರಿ ಮಚ್ಚೆ ಹೋಗಿ ಕುಳಿತುಕೊಂಡಿತು. ಅಲ್ಲಿ ಅದು ನುಂಗಲು ಏನೂ ಇರಲಿಲ್ಲ, ಬಾಗಿಲನ್ನೇ ನುಂಗಿತು. ಆಗ ಎರಡು ಬದಿಯಿಂದ ಬಟ್ಟೆ ಎದ್ದು ಬಂತು. ಎಡಕ್ಕೆ ಹಸಿರು, ಬಲಕ್ಕೆ ನೀಲಿ, ಒಟ್ಟಿಗೆ. ನಾನು ಯಾವುದನ್ನೂ ನೋಡುತ್ತಿರಲಿಲ್ಲ, ಎಲ್ಲವೂ ಕಾಣುತ್ತಿತ್ತು. ಡಾಕ್ಟರು ಹೇಳಿದ ಬಾಜೂಕ ನೋಡುವುದು ಇದೇ ಇರಬೇಕು. ತುಂಬಿದ ಕಡೆ ಕಣ್ಣಿಟ್ಟು ಅದನ್ನು ಕಲಿಯಲು ನನ್ನಿಂದ ಆಗಿರಲಿಲ್ಲ. ಖಾಲಿ ಕಡೆ ನಿಂತಾಗ ತಾನಾಗಿ ಬಂತು.

ಗಾಳಿ ಬಂದಾಗ ಎರಡೂ ಬದಿ ಒಮ್ಮೆಗೇ ಅಲುಗಿದವು. ನಾನು ನೆಲದ ಮೇಲೆ ನಿಂತಿದ್ದೇನೆ ಎಂಬುದು ಮರೆತುಹೋಯಿತು. ಬಣ್ಣ ಇಷ್ಟು ಹತ್ತಿರ ಬಂದು ಮೂರು ವರ್ಷವಾಗಿತ್ತು. ನೀನು ಕಟ್ಟಿದ್ದು ಮದುವೆಯ ಬಟ್ಟೆ, ಅದರಲ್ಲಿ ತೂತು ಇವೆ, ಒಂದು ಕಡೆ ಎಣ್ಣೆಯ ಕಲೆ ಇದೆ ಎಂದು ಜೆನಿಫರ ಆಮೇಲೆ ಹೇಳಿದಳು. ಅದಕ್ಕೇ ಹೀಗಾದರೆ, ಅಲ್ಲಿ ಏನಾಗಬಹುದು ಎಂದು ಯೋಚಿಸಿದೆ. ಕಣ್ಣಲ್ಲಿ ನೀರು ನೀನು ತಿಳಿದಂತೆ ನೋವಿಗೆ ಬಂದದ್ದಲ್ಲ. ಮಾತನಾಡಿದರೆ ಕಣ್ಣು ಮಾತಿನ ಕಡೆ ತಿರುಗುತ್ತದೆ, ಇದು ಹೋಗುತ್ತದೆ ಎಂದು ಸುಮ್ಮನಿದ್ದೆ. ಬಸ್ಸಿನಲ್ಲೂ ಅದೇ ಭಯ. ಕೆಂಪು ಎಲ್ಲಿ ಕಟ್ಟಿದ್ದೆಯೋ ನನಗೆ ಗೊತ್ತಾಗಲಿಲ್ಲ. ಅದರ ಬೆಳಕು ಮಾತ್ರ ಒಂದು ಅಂಚಿನಲ್ಲಿ ಬಂದಿತ್ತು, ಹೊತ್ತು ಮುಳುಗುವಾಗ ಕೆರೆಯಲ್ಲಿ ಬರುವಂತೆ.

ಅಂದು ಸಂಜೆಯೇ ಗ್ಲೋರಿಗೆ ಫೋನ್ ಮಾಡಿ ಎಡಗಣ್ಣಿನ ವಿಷಯ ಹೇಳಿದೆ. ಅವಳು ಅತ್ತಳು, ಆಮೇಲೆ ನರ್ಸ್ ಆದಳು. ಯಾವ ಹನಿ, ಯಾವ ಮಾತ್ರೆ ಎಂದೆಲ್ಲ ಕೇಳಿದಳು. ಮುಗಿದ ಮೇಲೆ ನಾನು, ‘ನನಗ ಚಿತ್ರದ ಮುಂದ ನಿಲ್ಲಿಸಬ್ಯಾಡ. ಬಾಗಿಲಕಡಿ ಮುಖ ಮಾಡಿ ನಿಲ್ಲಿಸು’ ಎಂದೆ.

‘ಜನ ಏನ್ ತಿಳ್ಕೋತಾರ ದೊಡ್ಡಮ್ಮ?’

‘ಮುದುಕಿ ಹೊರಗ ಹೋಗಲಿಕ್ಕ ದಾರಿ ಹುಡುಕಲತ್ತಾಳ ಅಂತ ತಿಳ್ಕೋತಾರ. ತಿಳ್ಕೊಳ್ಳಲಿ.’

ಅಲ್ಲಿ ನನಗೆ ಕಾಣದೆಯೂ ಹೋಗಬಹುದು. ಬಟ್ಟೆ ಅಲುಗಿತು, ಅಲ್ಲಿಯದು ಗೋಡೆಗೆ ಅಂಟಿದ ಚಿತ್ರ, ಅಲುಗುವುದಿಲ್ಲ. ಇದನ್ನೂ ಯೋಚಿಸಿದ್ದೇನೆ. ತಲೆಯಲ್ಲಿರುವುದು ಕೆಡುತ್ತದೆ ಎಂಬ ಭಯ ಈಗಲೂ ಇದೆ. ಆದರೂ ಹೋಗುತ್ತೇನೆ.

ನರಸಿಂಗನಿಗೆ ನನ್ನ ನಮಸ್ಕಾರ ಹೇಳು. ವಜೀರಬೀಗೆ ಖಾರ ಹಾಕಿದ್ದು ಕಡಿಮೆ ಏನಲ್ಲ ಎಂದು ಹೇಳು. ಪಾದ್ರಿಯವರನ್ನು ಕಂಡು ಮಾತನಾಡಿದ್ದೇನೆ. ವಿಮಾನದವರಿಗೆ ಗಾಲಿಕುರ್ಚಿ ಬೇಕೆಂದು ತಿಳಿಸಿದೆ. ಜೆನಿಫರ ವಿಮಾನ ನಿಲ್ದಾಣದವರೆಗೆ ಬರುತ್ತಾಳೆ.

ಸೆಪ್ಟೆಂಬರ್ 30, ಮಂಗಳವಾರ, ಬೆಳಿಗ್ಗೆ ಆರೂವರೆಗೆ ಬೀದರ ಬಸ್ ನಿಲ್ದಾಣದಿಂದ ಹೈದರಾಬಾದ್ ಬಸ್ಸು.

ಎಸ್ತರ